ಯಾರ ಮನೆಯ ಸೂತಕ, ಯಾರ ಹೆಗಲ ಮೇಲೆ?

(ಕುಂಚಾವರಂನಲ್ಲಿ ಸೇರಿದ್ದ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಬಹುಪಾಲು ಬರೆದುಕೊಂಡಿದ್ದೇವೆ.)



ಶಿಕ್ಷಣ, ಸಂಘಟನೆ, ಹೋರಾಟ, ಈ ಮೂರರ ಬಗ್ಗೆ ಮಾತಾಡು ಅಂತ ನನ್ನನ್ನು ಕರೆಸಿದ್ದೀರಿ. ಅದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಇವತ್ತು ಒಂದೇ ಒಂದು ಶಬ್ದದ ಬಗ್ಗೆ ಮಾತಾಡಿ ಕೂತುಬಿಡ್ತೀನಿ. ಆ ಶಬ್ದ ಸೂತಕ. ಯಾಕೆ ಅದೇ ಶಬ್ದ ಅಂತ ಮೊದಲು ಹೇಳ್ತೀನಿ.

ನಾನು ನಿಮ್ಮ ಹಾಗೇ ಹಾಸ್ಟೆಲಿನಲ್ಲಿ ಇದ್ದು ಮೆಟ್ರಿಕ್ ಓದ್ತಿದ್ದೆ. ಪರೀಕ್ಷೆ ಶುರು ಆಗೋ ಹೊತ್ತಿಗೆ ಊರಲ್ಲಿ ನಮ್ಮ ದೊಡ್ಡಪ್ಪ ಸತ್ತ. ಮಣ್ಣಿಗೆ ಹೋದೆ. ನಾಲ್ಕನೇ ದಿನ ಗಣಿತದ ಪೇಪರು. ಹೊರಟು ನಿಂತರೆ ಮನೆಯ ಹಿರಿಯರು ಅಡ್ಡ ನಿಂತರು: "ಸೂತಕ ಕಳಿಯೋತನಕ ಹೊಸ್ತಿಲು ದಾಟಬ್ಯಾಡ, ಸಾಲಿ ಅಂದ್ರ ಸರಸ್ವತಿ, ಮೈಲಿಗಿ ಆಗ್ತದ." ನಾನು ಕೂತೆ. ಪೇಪರು ಹೋಯ್ತು. ಉಳಿದ ಪೇಪರಾದರೂ ಬರೀಬೇಕು ಅಂತ ಆರನೇ ದಿನ ಕದ್ದು ಓಡಿಬಂದೆ. ಹಾಸ್ಟೆಲಿಗೆ ಬಂದವನೇ ಬಾಯಾರಿ ನೀರಿನ ಕೊಡಕ್ಕೆ ಕೈ ಹಾಕಿದೆ. ನನ್ನ ಜಾತಿಯವನೇ, ನನ್ನ ಚಾಪೆಯಲ್ಲೇ ಮಲಗ್ತಿದ್ದ ಗೆಳೆಯ ಕೊಡ ಆಚೆ ಎಳೆದ. "ಲೇ, ಸೂತಕದಾಗ ಇದ್ದೀ, ನಾ ಎತ್ತಿ ಹುಯ್ತೀನಿ, ಬೊಗಸಿ ಹಿಡಿ" ಅಂದ.

ನಾನು ಬೊಗಸೆ ಹಿಡಿದೆ. ಅವ ಮೇಲಿಂದ ಹುಯ್ದ. ನಮ್ಮಪ್ಪ ಊರ ಗೌಡರ ಅಂಗಳದಲ್ಲಿ ಹಿಂಗೇ ಬಗ್ಗಿ ಬೊಗಸೆ ಹಿಡಿದು ನೀರು ಕುಡಿಯೋದು ನಾನು ಸಣ್ಣವನಿದ್ದಾಗಿಂದ ಕಂಡಿದ್ದೆ. ಅವತ್ತು ಹಾಸ್ಟೆಲಿನಲ್ಲಿ ಗೌಡ ಇರಲಿಲ್ಲ, ಪೂಜಾರಿ ಇರಲಿಲ್ಲ. ಹುಯ್ದವನೂ ನಾವೇ, ಕುಡಿದವನೂ ನಾವೇ. ಗಣಿತದಲ್ಲಿ ಗೈರುಹಾಜರು ಅಂತ ಬಂತು. ಒಂದು ವರ್ಷ ಶಹಾಬಾದ ಕಡೆ ಗಣಿಯಲ್ಲಿ ಫರಸಿ ಕಲ್ಲು ಹೊತ್ತೆ. ಹೊರುವಾಗೆಲ್ಲ ಒಂದೇ ಪ್ರಶ್ನೆ ತಲೆಯಲ್ಲಿ: ಈ ಸೂತಕ ಅನ್ನೋದು ಎಲ್ಲಿಂದ ಬಂತು? ನಮ್ಮ ಮನೆಗೆ ಇದನ್ನು ಯಾರು ತಂದು ಇಟ್ಟರು?

ಮೊದಲು ಶಬ್ದ ನೋಡೋಣ. ನಮಗೆ ಸೂತಕ ಅಂದ ಕೂಡಲೇ ಸಾವು ನೆನಪಾಗ್ತದ. ಸೂತಕದ ಮನೆ, ಸೂತಕದ ಮುಖ ಅಂತೀವಿ. ಪೇಪರಿನವರು 'ಊರಲ್ಲಿ ಸೂತಕದ ಛಾಯೆ' ಅಂತ ಬರೀತಾರೆ. ಆದರೆ ಈ ಶಬ್ದ ಹುಟ್ಟಿದ್ದು ಸಾವಿನಿಂದ ಅಲ್ಲ, ಹುಟ್ಟಿನಿಂದ. ಸಂಸ್ಕೃತದಲ್ಲಿ 'ಸೂ' ಅಂದರೆ ಹಡೆಯುವುದು. ಸೂತ ಅಂದರೆ ಹುಟ್ಟಿದ್ದು. ಸೂತಿಕಾ ಅಂದರೆ ಬಾಣಂತಿ. ಸರ್ಕಾರಿ ಆಸ್ಪತ್ರೆಯ ಬೋರ್ಡಿನ ಮೇಲೆ 'ಪ್ರಸೂತಿ ವಿಭಾಗ' ಅಂತ ಇರ್ತದಲ್ಲ, ಆ ಪ್ರಸೂತಿ, ಪ್ರಸವ ಎಲ್ಲ ಅದೇ ಬೇರಿನ ಚಿಗುರು. ಸೂತಕ ಅಂದರೆ ಮೊದಲಿಗೆ ಹೆರಿಗೆ, ಆಮೇಲೆ ಹೆರಿಗೆಯಿಂದ ಮನೆಗೆ ತಗಲುವ ಮೈಲಿಗೆ. ಸಾವಿನ ಮೈಲಿಗೆಗೆ ಧರ್ಮಶಾಸ್ತ್ರದವರು 'ಶಾವ' ಅಂತ ಬೇರೆ ಹೆಸರು ಇಟ್ಟಿದ್ದರು, ಶವದಿಂದ ಬಂದದ್ದು ಅಂತ. ಎರಡಕ್ಕೂ ಸೇರಿ 'ಆಶೌಚ' ಅಂತಿದ್ದರು. ಬರಬರುತ್ತಾ ಸೂತಕ ಅನ್ನೋದು ಸಾವಿಗೂ ಹಬ್ಬಿ, ಕೊನೆಗೆ ಜನರ ಬಾಯಲ್ಲಿ ಸಾವಿನದೇ ಆಗಿ ನಿಂತಿತು.

ಆಗ ಹುಟ್ಟಿನ ಮೈಲಿಗೆಗೆ ಏನು ಹೆಸರು? ಸುತ್ತ ನೋಡಿರಿ. ಕುಂಚಾವರಂ ಎರಡು ಭಾಷೆಯ ನಡುವೆ ಕೂತ ಊರು. ನಿಮ್ಮಲ್ಲಿ ಅರ್ಧ ಮಂದಿ ಮನೆಯಲ್ಲಿ ತೆಲುಗು ಆಡ್ತೀರಿ. ತೆಲುಗಿನಲ್ಲಿ ಅದಕ್ಕೆ 'ಪುರುಡು' ಅಂತಾರೆ. ಪಡುವಣಕ್ಕೆ ಮರಾಠಿಯವರು 'ಸೋಯರ್' ಅಂತಾರೆ, ಸಾವಿನದಕ್ಕೆ 'ಸುತಕ' ಅಂತಾರೆ. ಕರಾವಳಿಗೆ ಹೋದರೆ ಹುಟ್ಟಿನದು 'ಅಮೆ', ಸಾವಿನದು ಸೂತಕ. ಹುಟ್ಟಿಗೆ ಮೂರು ದಿಕ್ಕಿನಲ್ಲಿ ಮೂರು ಹೆಸರು ಕೊಟ್ಟು, ತಾಯಿಯಿಂದ ಹುಟ್ಟಿದ ಶಬ್ದವನ್ನು ಹೆಣದ ಮೇಲೆ ಹೊದಿಸಿದರು. ಹಡೆದ ತಾಯಿಯೂ ಹೆಣವೂ ಒಂದೇ ಪಟ್ಟಿಯಲ್ಲಿ ಕೂತದ್ದು ಹೀಗೆ. ಆ ಪಟ್ಟಿಯಲ್ಲಿ ಇನ್ನೊಬ್ಬ ಇದ್ದಾನೆ, ಅವನ ಹತ್ತಿರ ಆಮೇಲೆ ಬರ್ತೀನಿ.

ಮರಾಠಿಯಲ್ಲಿ ಒಂದು ಮಾತಿದೆ. ನನಗೂ ಇದಕ್ಕೂ 'ಸೋಯರ್‌ಸುತಕ' ಇಲ್ಲ ಅಂತಾರೆ. ನನಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಅರ್ಥ. ಅಂದರೆ ಸೂತಕ ಇದ್ದರೆ ಸಂಬಂಧ ಇದೆ, ಸೂತಕ ಇಲ್ಲದಿದ್ದರೆ ಸಂಬಂಧ ಇಲ್ಲ. ನಮ್ಮಲ್ಲೂ ಹತ್ತು ದಿನದ ದಾಯಾದಿ, ಮೂರು ದಿನದ ದಾಯಾದಿ ಅಂತ ಎಣಿಸ್ತಾರೆ. ಮನುಸ್ಮೃತಿ ಏಳನೇ ತಲೆಮಾರಿಗೆ ಈ ಎಣಿಕೆ ನಿಲ್ಲಿಸ್ತದೆ. ಕೊಟ್ಟ ಮಗಳಿಗೆ ಬಹಳ ಕಡೆ ತವರಿನ ಸೂತಕ ಮೂರೇ ದಿನ, ಗಂಡನ ಮನೆಯದು ಪೂರಾ. ಯಾರಿಗೆ ಎಷ್ಟು ಸೂತಕವೋ ಆ ಮನೆಯಲ್ಲಿ ಅವರಿಗೆ ಅಷ್ಟು ಪಾಲು. ಸೂತಕ ಅನ್ನೋದು ಬಾಯಿಪಾಠದ ವಂಶಾವಳಿ, ಒಂದು ಥರದ ಪಹಣಿ ಪತ್ರ.

ಇಲ್ಲಿ ಕೆಲವರು ಎದ್ದು, "ಅಣ್ಣ, ಅದು ರೋಗ ಹರಡಬಾರದು ಅಂತ ಹಿರಿಯರು ಮಾಡಿದ ವಿಜ್ಞಾನ" ಅಂತಾರೆ. ಕಾಲೇಜು ಓದಿದವರೇ ಹೆಚ್ಚು ಹೇಳ್ತಾರೆ. ಒಂದು ಲೆಕ್ಕ ಹಾಕಿರಿ. ಅಣ್ಣ ಇಲ್ಲಿ ಸತ್ತ, ತಮ್ಮ ಮುಂಬಯಿಯಲ್ಲಿ ಕೂಲಿ ಮಾಡ್ತಾನೆ, ಹೆಣವನ್ನೇ ನೋಡಿಲ್ಲ. ಅವನಿಗೆ ಪೂರಾ ಸೂತಕ. ನೆರೆಮನೆಯವ ಹೆಣಕ್ಕೆ ಹೆಗಲು ಕೊಟ್ಟ, ಕುಣಿಗೆ ಇಳಿದ. ಅವನಿಗೆ ಒಂದು ಸ್ನಾನ, ಮುಗೀತು. ರೋಗವಾಗಿದ್ದರೆ ಮುಟ್ಟಿದವನಿಗೆ ತಗಲಬೇಕು, ಮುಂಬಯಿಯಲ್ಲಿ ಇದ್ದವನಿಗಲ್ಲ. ಈ ರೋಗ ಗಾಳಿಯಲ್ಲಿ ಹೋಗೋದಿಲ್ಲ, ನೀರಿನಲ್ಲಿ ಹೋಗೋದಿಲ್ಲ, ವಂಶದಲ್ಲಿ ಹೋಗ್ತದೆ. ಅಂಥದ್ದಕ್ಕೆ ವಿಜ್ಞಾನದ ಹೆಸರು ಬೇಡ.

ಇನ್ನು ದಿನಗಳ ಲೆಕ್ಕ. ಮನುಸ್ಮೃತಿಯ ಐದನೇ ಅಧ್ಯಾಯ ತೆಗೆಯಿರಿ. ಬ್ರಾಹ್ಮಣನಿಗೆ 10 ದಿನ, ಕ್ಷತ್ರಿಯನಿಗೆ 12, ವೈಶ್ಯನಿಗೆ 15, ಶೂದ್ರನಿಗೆ ಒಂದು ತಿಂಗಳು. ಸಾವು ಒಂದೇ, ದುಃಖ ಒಂದೇ, ಕಣ್ಣೀರು ಒಂದೇ. ಆದರೆ ಮೇಲೆ ಕೂತವ ಬೇಗ ಶುದ್ಧ ಆಗ್ತಾನೆ, ಕೆಳಗೆ ಬಿದ್ದವ ತಡವಾಗಿ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತು: ರಾಜನಿಗೆ ಈ ದೋಷವೇ ಇಲ್ಲ. ಯಾಕಂದ್ರೆ ಅವ ಸಿಂಹಾಸನದ ಮೇಲೆ ಕೂತಿದ್ದಾನೆ, ರಾಜ್ಯದ ಕೆಲಸ ನಿಲ್ಲಬಾರದು! ನನ್ನ ಗಣಿತದ ಪೇಪರು ನಿಲ್ಲಬಹುದು, ರಾಜನ ಕೆಲಸ ನಿಲ್ಲಬಾರದು. ಅಧಿಕಾರ ಇದ್ದವನಿಗೆ ಸೂತಕ ತಗಲೋದಿಲ್ಲ ಅಂತ ಬರೆದವರೇ ಒಪ್ಪಿಕೊಂಡ ಮೇಲೆ ನಾವು ಅಂಜೋದು ಯಾಕೆ?

ಹೊರದೇಶದ ಒಂದು ಶಬ್ದ ಇದರ ಪಕ್ಕ ಇಟ್ಟು ನೋಡೋಣ. ಇಂಗ್ಲಿಷಿನವರು ಇಂಥ ನಿಷೇಧಕ್ಕೆಲ್ಲ 'ಟ್ಯಾಬೂ' ಅಂತಾರೆ. ಅದು ಅವರ ಶಬ್ದ ಅಲ್ಲ. ಶಾಂತ ಸಾಗರದ ಟೋಂಗಾ ದ್ವೀಪಗಳಲ್ಲಿ 1777ರಲ್ಲಿ ಕ್ಯಾಪ್ಟನ್ ಕುಕ್ ಕೇಳಿ ಬರೆದುಕೊಂಡ ಶಬ್ದ. ಆ ಜನರಲ್ಲಿ ಹೆಣವನ್ನು ಮುಟ್ಟಬಾರದು, ಅರಸನನ್ನೂ ಮುಟ್ಟಬಾರದು. ಎರಡಕ್ಕೂ ಅದೇ ಶಬ್ದ. ನಮ್ಮಲ್ಲಿ ಬೇರೆ ಲೆಕ್ಕ. ಮುಟ್ಟಬಾರದ್ದನ್ನು ಎರಡು ಭಾಗ ಮಾಡಿ, ಮೇಲಿನದಕ್ಕೆ ಮಡಿ ಅಂದರು, ಕೆಳಗಿನದಕ್ಕೆ ಮೈಲಿಗೆ ಅಂದರು. ಮಡಿಯನ್ನು ತಾವು ಉಟ್ಟುಕೊಂಡರು, ಮೈಲಿಗೆಯನ್ನು ನಮಗೆ ಉಡಿಸಿದರು.

ಈಗ ಆ ಪಟ್ಟಿಯ ಮೂರನೆಯವನ ಹತ್ತಿರ ಬರೋಣ. ಮನುವಿನ ಅದೇ ಐದನೇ ಅಧ್ಯಾಯದ 85ನೇ ಶ್ಲೋಕ ಯಾರನ್ನು ಮುಟ್ಟಿದರೆ ಸ್ನಾನ ಮಾಡಬೇಕು ಅಂತ ಹೇಳ್ತದೆ. ಚಂಡಾಲ, ಮುಟ್ಟಾದ ಹೆಂಗಸು, ಪತಿತ, ಬಾಣಂತಿ, ಹೆಣ, ಹೆಣ ಮುಟ್ಟಿದವನು. ಒಂದೇ ಉಸಿರಿನಲ್ಲಿ ಇಷ್ಟೂ ಮಂದಿ. ತಂಗಿಯರೇ, ಈ ಸಾಲಿನಲ್ಲಿ ನೀವೂ ನಾನೂ ಪಕ್ಕಪಕ್ಕದಲ್ಲಿ ನಿಂತಿದ್ದೀವಿ. ನಿಮಗೂ ನಮಗೂ ಒಂದೇ ವ್ಯತ್ಯಾಸ. ಮುಟ್ಟಾದವಳು ಕೆಲವು ದಿನಕ್ಕೆ ಹೊರಗೆ, ಬಾಣಂತಿ ಕೆಲವು ದಿನಕ್ಕೆ ಹೊರಗೆ, ಹೆಣ ಮಣ್ಣಿಗೆ ಹೋಗ್ತದೆ. ಚಂಡಾಲ ಮಾತ್ರ ಹುಟ್ಟಿದಾಗಿಂದ ಸಾಯೋತನಕ ಹೊರಗೆ, ಅವನ ಮಗನೂ ಹೊರಗೆ.

ಈ ವ್ಯತ್ಯಾಸವನ್ನು ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಯಾಕೆ ಅಂತ ಬರೆದ ಪುಸ್ತಕದ ಶುರುವಿನಲ್ಲೇ ಹಿಡಿದಿದ್ದಾರೆ. ಹುಟ್ಟು, ಸಾವು, ಮುಟ್ಟು ಇವು ಮೈಲಿಗೆ ಅಂತ ನಂಬಿದ ಜನ ಜಗತ್ತಿನ ಎಲ್ಲ ಕಡೆ ಇದ್ದರು. ಅದು ಕೆಲವು ದಿನದ್ದು, ಒಬ್ಬೊಬ್ಬರದು, ನೀರಿನಿಂದಲೋ ರಕ್ತದಿಂದಲೋ ತೊಳೆದು ಹೋಗುವಂಥದ್ದು. ಆದರೆ ಹಿಂದೂ ಸಮಾಜ ಒಂದು ಇಡೀ ಜನವರ್ಗಕ್ಕೆ ಯಾವ ನೀರಿನಿಂದಲೂ ತೊಳೆಯಲಾಗದ, ತಲೆತಲಾಂತರದ ಮೈಲಿಗೆ ಹಚ್ಚಿತು. 1935ರ ಸರ್ಕಾರಿ ಪಟ್ಟಿಯಲ್ಲಿ ಅಂಥ 429 ಜಾತಿಗಳು ಇದ್ದವು ಅಂತ ಅವರು ಲೆಕ್ಕ ಕೊಡ್ತಾರೆ. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರು ಅಸ್ಪೃಶ್ಯ ಸಂತರಿಗೆ. ಚೋಖಾಮೇಳನ ಹೆಂಡತಿ ಸೋಯರಾಬಾಯಿ. ಮೈಲಿಗೆ ದೇಹದಲ್ಲೇ ಹುಟ್ಟೋದಾದರೆ ಮೈಲಿಗೆ ಇಲ್ಲದ ದೇಹ ಯಾವುದು ತೋರಿಸು ಅಂತ ವಿಠ್ಠಲನನ್ನೇ ಕೇಳಿದ ಹೆಣ್ಣುಮಗಳು.

ನನ್ನ ಮಾತು ಇಷ್ಟೇ. ಸೂತಕ ಕಳೀತು ಅಂತಾರಲ್ಲ, ಅದು ಕಳೆಯೋದಿಲ್ಲ, ಕೈ ಬದಲಾಗ್ತದೆ. ಊರ ದೊಡ್ಡ ಮನೆಯಲ್ಲಿ ಸಾವಾದರೆ ಏನು ನಡೀತಿತ್ತು? ಸಾವಿನ ಸುದ್ದಿ ಹೊತ್ತು ಹತ್ತು ಹಳ್ಳಿ ಓಡಿದವ ಯಾರು? ನಮ್ಮ ಅಜ್ಜ. ಹಲಗೆ ಬಡಿದವ ಯಾರು? ಕುಣಿ ತೋಡಿದವ, ಕಟ್ಟಿಗೆ ಹೊತ್ತವ ಯಾರು? ಹೆಣದ ಮೇಲಿನ ಬಟ್ಟೆ ಯಾರ ಪಾಲಿಗೆ ಬಂತು? ತಲೆ ಬೋಳಿಸಿದವ ಹಡಪದವ, ಬಟ್ಟೆ ಒಗೆದವ ಅಗಸರವ. ಹನ್ನೊಂದನೇ ದಿನ ದೊಡ್ಡ ಮನೆ ಶುದ್ಧ ಆಯ್ತು. ಶುದ್ಧ ಮಾಡಿದವರು? ಅವರ ಮೈಮೇಲೆ ಆ ಮನೆಯ ಮೈಲಿಗೆ ಉಳೀತು. ಹೊಲಸು ಮಾಡಿದವ ಶುದ್ಧ, ತೊಳೆದವ ಹೊಲಸು. ನಾವು ನೂರಾರು ಮನೆಯ ಸೂತಕ ಹೊತ್ತು ನಿಂತವರು. ನಮ್ಮ ಹನ್ನೊಂದನೇ ದಿನ ಬರಲೇ ಇಲ್ಲ.

ಮಹಾಡ್ ನೆನಪಿಸಿಕೊಳ್ಳಿರಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನಮ್ಮ ಜನರನ್ನು ಕರಕೊಂಡು ಚವದಾರ ಕೆರೆಯ ನೀರು ಮುಟ್ಟಿದರು. ಆಮೇಲೆ ಸವರ್ಣರು ಕೆರೆಗೇ ಸೂತಕ ಬಂತು ಅಂತ 108 ಕೊಡದಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಶುದ್ಧಿ ಮಾಡಿದರು. ಸಗಣಿ ಬಿದ್ದರೆ ಶುದ್ಧ, ಮನುಷ್ಯ ಮುಟ್ಟಿದರೆ ಅಶುದ್ಧ! ಅದೇ ವರ್ಷ ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿ ಸುಟ್ಟದ್ದು ಸುಮ್ಮನೆ ಅಲ್ಲ.

ಇನ್ನೊಂದು ಶಬ್ದ ಹೇಳಲೇಬೇಕು. ಹೇಳಲಿಕ್ಕೆ ನಾಲಿಗೆ ತಡೀತದೆ, ಆದರೂ ಹೇಳ್ತೀನಿ. ಹೊಲೆ. ಹಳಗನ್ನಡದಲ್ಲಿ ಪೊಲೆ, ತಮಿಳಿನಲ್ಲಿ ಪುಲೈ. ಸಂಸ್ಕೃತದ ಸೂತಕ ಬರೋದಕ್ಕೆ ಮುಂಚೆ ನಮ್ಮ ನೆಲದ ನುಡಿಯಲ್ಲೇ ಇದ್ದ ಮೈಲಿಗೆಯ ಶಬ್ದ ಇದು. ಹೆಂಗಸಿನ ಮುಟ್ಟಿಗೂ ಅದೇ, ಹೆರಿಗೆಯ ಮೈಲಿಗೆಗೂ ಅದೇ. ಅದೇ ಶಬ್ದವನ್ನು ಒಂದು ಜಾತಿಯ ಹೆಸರು ಮಾಡಿ ನಮ್ಮ ಹಣೆಗೆ ಬರೆದರು. ನಮ್ಮ ಹಿರಿಯರಲ್ಲಿ ಕೆಲವರು, ಅಲ್ಲಪ್ಪ, ಅದು ಹೊಲದಿಂದ ಬಂದದ್ದು, ನಾವು ಹೊಲದ ಒಡೆಯರು ಅಂತ ಹೇಳ್ತಾರೆ. ಆ ಮಾತಿನ ಹಿಂದಿನ ಸಂಕಟ ನನಗೆ ಗೊತ್ತು. ಅದನ್ನು ನಗಬೇಡಿರಿ. ಆದರೆ ನಿಘಂಟಿನವರು ಹೊಲೆಯಿಂದ ಅಂತಲೇ ಬರೆದಿದ್ದರೂ ನಾನು ತಲೆ ತಗ್ಗಿಸೋದಿಲ್ಲ. ಶಬ್ದದ ಹುಟ್ಟು ಬೇರೆ, ಮನುಷ್ಯನ ಹುಟ್ಟು ಬೇರೆ. ಹೆಸರು ಇಟ್ಟವನ ಮನಸ್ಸು ಆ ಹೆಸರಿನಲ್ಲಿ ಕಾಣ್ತದೆ, ಇಡಿಸಿಕೊಂಡವನ ಗುಣ ಕಾಣೋದಿಲ್ಲ.

ತೆಲುಗು ಆಡುವ ಹುಡುಗರೇ, 'ಪನಿಮುಟ್ಟು' ಅಂದರೆ ಏನು? ಕೆಲಸದ ಸಾಮಾನು. ಗುದ್ದಲಿ, ಕುಡುಗೋಲು, ಉಳಿ. ಕನ್ನಡದಲ್ಲಿ ಮುಟ್ಟು ಅಂದರೆ ಕೈ ತಾಗಿಸುವುದು, ಮುಟ್ಟು ಅಂದರೆ ಹೆಂಗಸಿನ ತಿಂಗಳು, ಹಿಂದೆ ಮುಟ್ಟು ಅಂದರೆ ಸಾಮಾನು ಕೂಡಾ. ದುಡಿಮೆ, ಹೆರುವ ಶಕ್ತಿ, ಸ್ಪರ್ಶ, ಈ ಮೂರಕ್ಕೂ ನಾಲಿಗೆ ಮೇಲೆ ಒಂದೇ ಸದ್ದು. ಈ ಮೂರರಿಂದಲೇ ಲೋಕ ನಡೀತದೆ. ಈ ಮೂರನ್ನೇ ಅವರು ಹೊರಗೆ ಇಟ್ಟರು.

ಇದನ್ನು ನಾವೇ ಮೊದಲು ಕಂಡೆವು ಅಂತ ಎದೆ ಉಬ್ಬಿಸಬೇಕಾಗಿಲ್ಲ. ಪಕ್ಕದ ಬೀದರ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಇದನ್ನು ಕಂಡವರಿದ್ದರು. ಶರಣರು ಐದು ಸೂತಕ ಇಲ್ಲ ಅಂದರು. ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಐದನೆಯದು ಜಾತಿಯದು. ಪಂಚಸೂತಕ ಅಂತ ಅದಕ್ಕೆ ಹೆಸರು. ಜಾತಿಯನ್ನು ಸೂತಕದ ಪಟ್ಟಿಯಲ್ಲಿ ಸೇರಿಸಿದ್ದು ಎಂಥ ಬುದ್ಧಿವಂತಿಕೆ ನೋಡಿರಿ. ಮನೆಯೊಳಗಿನ ಮೈಲಿಗೆಯೂ ಊರ ಹೊರಗಿನ ಕೇರಿಯೂ ಒಂದೇ ಬಳ್ಳಿಯ ಕಾಯಿ ಅಂತ ಅವರು ಹಿಡಿದರು. ಬಸವಣ್ಣನವರು ಒಂದು ವಚನದಲ್ಲಿ ಈ ಹೊಲೆ ಅನ್ನೋ ಶಬ್ದವನ್ನೇ ತಿರುಗಿಸಿ ಕೇಳ್ತಾರೆ: ಆ ಮುಟ್ಟು ಇಲ್ಲದೆ ಯಾವ ಬಸಿರೂ ನಿಲ್ಲೋದಿಲ್ಲವಲ್ಲ, ಹಾಗಿದ್ದ ಮೇಲೆ ಯಾರನ್ನು ಆ ಹೆಸರಿನಿಂದ ಕರೀತೀರಿ? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ, ಇವರೆಲ್ಲ ಆ ಪಟ್ಟಿ ಹರಿದವರು. ಆಮೇಲೆ ಏನಾಯ್ತು? ಮೊದಲಿನ ನಾಲ್ಕು ಬಿಟ್ಟೆವು ಅಂದವರೂ ಐದನೆಯದನ್ನು ಗಟ್ಟಿಯಾಗಿ ಹಿಡಕೊಂಡರು. ನಾವು ಐದನೆಯದನ್ನು ಬೈತೀವಿ, ಮೊದಲಿನ ನಾಲ್ಕನ್ನು ಗಟ್ಟಿಯಾಗಿ ಹಿಡಕೊಂಡಿದ್ದೀವಿ. ಇಬ್ಬರೂ ಅರ್ಧರ್ಧ ಶರಣರು!

1948ರ ನವೆಂಬರ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದು ಮಾಡುವ ವಿಧಿಯನ್ನು ಒಪ್ಪಿತು. ಈಗ ಅದು 17ನೇ ವಿಧಿ. ಅವತ್ತು ಕೆ.ಟಿ. ಷಾ ಅನ್ನುವ ಸದಸ್ಯರು ಎದ್ದು, ಅಸ್ಪೃಶ್ಯತೆ ಅಂದರೆ ಏನು ಅಂತ ಎಲ್ಲೂ ಹೇಳಿಲ್ಲವಲ್ಲ ಅಂದರು. ಹೆಂಗಸರನ್ನು ಕೆಲವು ದಿನ ಮುಟ್ಟೋದಿಲ್ಲ, ಸಾವಿನ ಕರ್ಮ ಮಾಡಿದವರನ್ನೂ ಕೆಲವು ದಿನ ಮುಟ್ಟೋದಿಲ್ಲ, ಅದೂ ಅಪರಾಧ ಆಗ್ತದಾ ಅಂತ ಕೇಳಿದರು. ಜಾತಿ, ಧರ್ಮದ ಕಾರಣದ ಅಸ್ಪೃಶ್ಯತೆ ಅಂತ ಬಿಡಿಸಿ ಬರೀಬೇಕು ಅಂತ ನಜೀರುದ್ದೀನ್ ಅಹ್ಮದ್ ತಿದ್ದುಪಡಿ ತಂದರು. ಬಾಬಾಸಾಹೇಬರು ಒಪ್ಪಲಿಲ್ಲ. ಶಬ್ದಕ್ಕೆ ಬೇಲಿ ಹಾಕದೆ ಹಾಗೇ ಬಿಟ್ಟರು. 70 ವರ್ಷದ ಮೇಲೆ, 2018ರ ಸೆಪ್ಟೆಂಬರ್ 28ರ ಶಬರಿಮಲೆ ತೀರ್ಪಿನಲ್ಲಿ ಅದೇ ಪ್ರಶ್ನೆ ಎದ್ದಿತು. ಮುಟ್ಟಿನ ಕಾರಣಕ್ಕೆ ಹೆಣ್ಣನ್ನು ಹೊರಗಿಡುವುದೂ 17ನೇ ವಿಧಿಯ ಅಸ್ಪೃಶ್ಯತೆಯೇ ಅಂತ ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ಅಲ್ಲ, ಆ ವಿಧಿ ಜಾತಿಯ ಅಸ್ಪೃಶ್ಯತೆಗೆ ಮಾತ್ರ ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬೇರೆ ಬರೆದರು. 2019ರಲ್ಲಿ ಆ ಪ್ರಶ್ನೆಗಳು ದೊಡ್ಡ ಪೀಠಕ್ಕೆ ಹೋದವು. ಕೋರ್ಟಿನಲ್ಲಿ ಏನೇ ಆಗಲಿ, ನಮ್ಮ ಮನೆಯಲ್ಲಿ ತೀರ್ಪು ಕೊಡೋರು ನಾವೇ.

ಇದು ಬರೀ ಮಾತಿನ ಜಗಳ ಅಲ್ಲ. ತುಮಕೂರು, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಕೂಸಿನ ಸಮೇತ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಡ್ತಾರೆ. ಅದಕ್ಕೂ ಹೆಸರು ಸೂತಕ. 2023ರ ಜುಲೈನಲ್ಲಿ ತುಮಕೂರು ಹತ್ತಿರ ಮಳೆ ಚಳಿಯಲ್ಲಿ ಹಾಗೆ ಹೊರಗಿದ್ದ ಹಸುಗೂಸು ಸತ್ತುಹೋಯಿತು. ಹಾಗೆ ಹೊರಗಿಡೋದು ನಮ್ಮ ರಾಜ್ಯದ 2017ರ ಅಮಾನವೀಯ ಪದ್ಧತಿಗಳ ವಿರುದ್ಧದ ಕಾಯ್ದೆಯ ಪ್ರಕಾರ ಅಪರಾಧ. 2020ರಿಂದ ಅದು ಜಾರಿಯಲ್ಲಿದೆ. ಹುಟ್ಟಿನ ಸೂತಕ ಕಳೆಯೋದರೊಳಗೆ ಸಾವಿನ ಸೂತಕ ಬಂತು. ಎರಡಕ್ಕೂ ಒಂದೇ ಶಬ್ದ ಸಾಕಾಯ್ತು.

ಹಂಗಾದ್ರೆ ಎಲ್ಲ ಬಿಟ್ಟುಬಿಡಬೇಕಾ ಅಂತ ನೀವು ಕೇಳಬಹುದು. ಇಲ್ಲ. ದೊಡ್ಡಪ್ಪ ಸತ್ತಾಗ ಹತ್ತು ದಿನ ಮನೆಯಲ್ಲಿ ಒಲೆ ಹೊತ್ತಿಸದೆ ನೆರೆಹೊರೆಯವರು ರೊಟ್ಟಿ ತಂದು ಉಣಿಸಿದರು. ದೊಡ್ಡವ್ವನ ಪಕ್ಕ ಯಾರಾದರೂ ಕೂತೇ ಇರ್ತಿದ್ದರು. ಅದು ಬೇಕು. ಬಾಣಂತಿಗೆ ಹೊಲದ ಕೆಲಸ ತಪ್ಪಿ ಕೂಸಿನ ಜೊತೆ ಬೆಚ್ಚಗೆ ಮಲಗೋ ದಿನ ಬೇಕು. ಮುಟ್ಟಿನ ನೋವಿದ್ದಾಗ ಕೊಡ ಹೊರದೆ ಕೂರೋ ಹಕ್ಕು ಬೇಕು. ವಿಶ್ರಾಂತಿ ಕೊಡಿರಿ, ಮೈಲಿಗೆ ಅನ್ನೋ ಹೆಸರು ತೆಗೆಯಿರಿ. ಒಳಗೆ ಕೂಡಿಸಿ ಕೊಡಿರಿ, ಹೊರಗೆ ಹಾಕಿ ಅಲ್ಲ. ದುಃಖಕ್ಕೆ ದಿನ ಬೇಕು, ದೋಷಕ್ಕೆ ಅಲ್ಲ.

ಕೊನೆಗೆ ಮೂರು ಮಾತು. ಮನೆಯಲ್ಲಿ ಸಾವಾದರೆ ಅಳಿರಿ, ಮಣ್ಣು ಕೊಡಿರಿ, ಪರೀಕ್ಷೆ ಇದ್ದರೆ ಎದ್ದು ಬಂದು ಬರೀರಿ. ಸತ್ತವರು ನಿಮ್ಮನ್ನು ಓದಿಸಬೇಕು ಅಂತಲೇ ದುಡಿದು ಸತ್ತಿದ್ದಾರೆ. ಎರಡನೆಯದು, ಹಾಸ್ಟೆಲಿನಲ್ಲಿ ಊರಿಂದ ಮಣ್ಣು ಮುಗಿಸಿ ಬಂದ ಗೆಳೆಯನಿಗೆ ಕೊಡ ಎಳೀಬೇಡಿರಿ. ಅವನ ತಾಟಿನ ಪಕ್ಕ ತಾಟು ಇಟ್ಟು ಉಣ್ಣಿರಿ. ನಮ್ಮ ನಮ್ಮಲ್ಲೇ ಆ ಜಾತಿ ಈ ಜಾತಿ ಅಂತ ತಾಟು ದೂರ ಸರಿಸೋ ಚಾಳಿಯೂ ಅದೇ ಸೂತಕ, ನೆನಪಿರಲಿ. ಮೂರನೆಯದು, ಊರಿಗೆ ಹೋದಾಗ ಅವ್ವ, ಅಕ್ಕ ಮೂಲೆಯಲ್ಲಿ ಬೇರೆ ಚಾಪೆಯ ಮೇಲೆ ಕೂತಿದ್ದರೆ ಭಾಷಣ ಮಾಡಬೇಡಿರಿ. ಸುಮ್ಮನೆ ಹೋಗಿ ಆ ಚಾಪೆಯ ಮೇಲೆ ಕೂತುಕೊಳ್ಳಿರಿ. ಅವರ ಕೈಯಿಂದ ನೀರು ಇಸಿದುಕೊಂಡು ಕುಡೀರಿ.

ನನಗೆ ಅವತ್ತು ಬೊಗಸೆಗೆ ನೀರು ಹುಯ್ದ ಗೆಳೆಯ ಆಮೇಲೆ ಮಾಸ್ತರ ಆದ. ಹೋದ ವರ್ಷ ಅವನ ತಂದೆ ತೀರಿಕೊಂಡಾಗ ಹೋಗಿದ್ದೆ. ಮಣ್ಣು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದೆವು. ಅವ ಏನೂ ಅನ್ನದೆ ಒಳಗೆ ಹೋಗಿ ಚೆಂಬು ತುಂಬಿ ತಂದ, ತಾನು ಅರ್ಧ ಕುಡಿದ, ಉಳಿದದ್ದು ನನ್ನ ಕೈಗೆ ಕೊಟ್ಟ. ನಾನು ಚೆಂಬು ಎತ್ತಿ ಕುಡಿದೆ. ಬೊಗಸೆ ಹಿಡಿಯಲಿಲ್ಲ.

ಜೈಭೀಮ್.